ಬಿರುಕು ಎಲ್ಲಿಂದ ಹೊರಟಿತು? ಸಣ್ಣ ವಿಮಾನದ ಪ್ಲಾಸ್ಟಿಕ್ ಭಾಗಗಳ ರಿಪೇರಿ

(ತುಮಕೂರಿನಲ್ಲಿ ಕೈಗಾರಿಕಾ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಮರುಕಳಿಸಿದ್ದನ್ನು ತೆಗೆದು, ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಸೇರಿಸಿ ಬರೆದಿದ್ದೇನೆ.)

ನಾನು ಮೇಜಿನ ಮೇಲೆ ಇಟ್ಟಿರುವ ಈ ಬಿಳಿ ಚಿಪ್ಪನ್ನು ನೋಡಿ, ಒಳಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ “ಸರ್, ಇದು ಸ್ಕೂಟರಿನ ಡೂಮಾ?” ಎಂದು ಕೇಳಿದ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಇದು ನಾಲ್ಕು ಆಸನಗಳ ಸಣ್ಣ ವಿಮಾನವೊಂದರಲ್ಲಿ, ರೆಕ್ಕೆಗೆ ಆಸರೆಯಾಗಿ ಕೊಟ್ಟಿರುವ ಓರೆಗಂಬವು ರೆಕ್ಕೆಯನ್ನು ಸೇರುವ ಜಾಗಕ್ಕೆ ಹೊದಿಸುವ ಕವಚ. ಸೇವೆಯಿಂದ ತೆಗೆದು ಗುಜರಿಗೆ ಹಾಕಿದ್ದನ್ನು ಪಾಠಕ್ಕೆಂದು ತಂದಿದ್ದೇನೆ. ಸ್ಕೂಟರಿನ ಡೂಮು ಮತ್ತು ಈ ಕವಚ ಎರಡೂ ಒಂದೇ ಜಾತಿಯ ವಸ್ತುವಿನಿಂದ ಆದಂಥವು, ಎರಡೂ ಒಡೆಯುವ ರೀತಿಯೂ ಬಹುಮಟ್ಟಿಗೆ ಒಂದೇ. ಒಡೆದ ತುಂಡು ಎಲ್ಲಿಗೆ ಹೋಗಿ ಬೀಳುತ್ತದೆ, ರಿಪೇರಿ ಮಾಡಿದವನು ಯಾರಿಗೆ ಉತ್ತರ ಹೇಳಬೇಕಾಗುತ್ತದೆ ಎಂಬಲ್ಲಿ ಮಾತ್ರ ವ್ಯತ್ಯಾಸವಿದೆ.

ತುಮಕೂರಿನ ಹುಡುಗರಿಗೆ ಈಗ ವಿಮಾನವೆಂದರೆ ದೂರದ ಮಾತಲ್ಲ. ಒಂದು ಕಾಲದಲ್ಲಿ ಎಚ್‌ಎಂಟಿ ಕೈಗಡಿಯಾರದ ಊರೆಂದು ಹೆಸರಾಗಿದ್ದ ಈ ಜಿಲ್ಲೆಯಲ್ಲಿ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ನಿಮ್ಮಲ್ಲಿ ಹಲವರ ಕಣ್ಣು ಅತ್ತ ಇರುವುದು ಸಹಜ. ಇತ್ತ ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಯಿಂದಲೂ ಸರ್ಕಾರದ ವೈಮಾನಿಕ ತರಬೇತಿ ಶಾಲೆಯಿದೆ. ತರಬೇತಿಗೆ ಬಳಸುವ ಸಣ್ಣ ವಿಮಾನಗಳು ದಿನಕ್ಕೆ ಹಲವು ಸಲ ಏರಿ ಇಳಿಯುತ್ತವೆ, ಕಲಿಯುವವರ ಕೈಯಲ್ಲಿ ಒಂದಿಷ್ಟು ಒರಟಾಗಿಯೇ ನೆಲ ಮುಟ್ಟುತ್ತವೆ, ಬಿಸಿಲಲ್ಲಿ ನಿಲ್ಲುತ್ತವೆ. ಅವುಗಳ ಎಂಜಿನ್ನಿನ ಬಗ್ಗೆ, ಅಲ್ಯೂಮಿನಿಯಂ ಮೈಯ ಬಗ್ಗೆ ಮಾತನಾಡಲು ಬಹಳ ಜನ ಸಿಗುತ್ತಾರೆ. ಪ್ಲಾಸ್ಟಿಕ್ ಭಾಗ ಒಡೆದಾಗ ಮಾತ್ರ ನಮ್ಮವರೂ “ಅದೇನು, ಪ್ಲಾಸ್ಟಿಕ್ ತಾನೆ” ಎಂದು ಟೇಪು ಸುತ್ತಿ ಮುಂದಿನ ಕೆಲಸಕ್ಕೆ ಹೋಗುವುದನ್ನು ನಾನು ಕಂಡಿದ್ದೇನೆ. ನಾನೂ ಒಮ್ಮೆ ಹಾಗೆ ಮಾಡಿದವನೇ; ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ವಸ್ತುವಿನ ಸ್ವಭಾವವನ್ನು ತಿಳಿದುಕೊಳ್ಳೋಣ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಚ್ಚುವುದನ್ನು ನೀವು ನೋಡಿರಬಹುದು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಥರ್ಮೋಪ್ಲಾಸ್ಟಿಕ್ ಎನ್ನುವುದು ಈ ಅರಗಿನ ಗುಣದ್ದು. ಇನ್ನೊಂದು ಜಾತಿಯ ಪ್ಲಾಸ್ಟಿಕ್ ಇಡ್ಲಿಯ ಹಾಗೆ: ಹಿಟ್ಟು ಒಮ್ಮೆ ಬೆಂದು ಇಡ್ಲಿಯಾದ ಮೇಲೆ ಎಷ್ಟು ಬಿಸಿ ಮಾಡಿದರೂ ಮತ್ತೆ ಹಿಟ್ಟಾಗುವುದಿಲ್ಲ, ಸೀದುಹೋಗುತ್ತದೆ ಅಷ್ಟೆ. ಎಪಾಕ್ಸಿ, ಪಾಲಿಯೆಸ್ಟರ್ ರಾಳಗಳು ಈ ಎರಡನೆಯ ಪಂಗಡಕ್ಕೆ ಸೇರುತ್ತವೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿ 1993ರಲ್ಲಿ ಮೊದಲ ಬಾರಿ ಹಾರಿಸಿದ ಎರಡು ಆಸನಗಳ ಹಂಸ ವಿಮಾನದ ಮೈ ಗಾಜಿನ ನಾರು ಮತ್ತು ರಾಳ ಸೇರಿದ ಸಂಯುಕ್ತ ವಸ್ತುವಿನದು. ಅದರ ರಿಪೇರಿಯ ಶಾಸ್ತ್ರವೇ ಬೇರೆ, ಇವತ್ತಿನ ಮಾತು ಅದರ ಬಗ್ಗೆ ಅಲ್ಲ.

ನಮ್ಮ ಕೈಗೆ ಹೆಚ್ಚಾಗಿ ಬರುವ ಥರ್ಮೋಪ್ಲಾಸ್ಟಿಕ್ ಎಂದರೆ ಎಬಿಎಸ್. ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರರ ಮೊದಲ ಅಕ್ಷರಗಳು ಅವು. ಸ್ಟೈರೀನ್ ಹೊಳಪನ್ನೂ ಬಿಗಿಯನ್ನೂ ಕೊಡುತ್ತದೆ, ಅಕ್ರಿಲೋನೈಟ್ರೈಲ್ ರಾಸಾಯನಿಕಗಳನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಬ್ಯುಟಡೈಯೀನ್ ರಬ್ಬರಿನ ಗುಣ ತಂದು ಪೆಟ್ಟು ಬಿದ್ದಾಗ ಒಡೆಯದಂತೆ ಕಾಯುತ್ತದೆ. ಸುಮಾರು 105 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇದು ಮೆತ್ತಗಾಗಲು ತೊಡಗುವುದರಿಂದ, ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಎಳೆದು ಬೇಕಾದ ಆಕಾರ ಕೊಡಬಹುದು. ಪೈಪರ್ ಕಂಪನಿಯ ಚೆರೋಕೀ ವಂಶದ ವಿಮಾನಗಳಲ್ಲಿ ರೆಕ್ಕೆಯ ತುದಿ, ಚುಕ್ಕಾಣಿಯ ತುದಿ, ಸೆಸ್ನಾ 172ರಲ್ಲಿ ಆಸರೆ ಕಂಬದ ಕವಚ, ಎರಡರಲ್ಲೂ ಒಳಗಿನ ಬಾಗಿಲ ಹೊದಿಕೆ, ಕಿಟಕಿಯ ಸುತ್ತಲ ಚೌಕಟ್ಟು ಇತ್ಯಾದಿಗಳು ಹೀಗೆ ತಯಾರಾದವು. ಈ ಭಾಗಗಳು ಗಾಳಿಯನ್ನು ನಯವಾಗಿ ಹರಿಸುತ್ತವೆ, ಅಂದ ಕೊಡುತ್ತವೆ, ಆದರೆ ವಿಮಾನದ ಭಾರವನ್ನು ಹೊರುವುದಿಲ್ಲ. ಈ ಮಾತನ್ನು ಚೆನ್ನಾಗಿ ನೆನಪಿಡಿ. ಭಾರ ಹೊರುವ ಯಾವ ಪ್ಲಾಸ್ಟಿಕ್ ಭಾಗಕ್ಕೂ, ಅದು ಕಂಟ್ರೋಲ್ ಕೇಬಲ್ ಹಾಯುವ ರಾಟೆಯಾಗಿರಲಿ, ಇಂಧನ ಹಾದುಹೋಗುವ ಭಾಗವಾಗಿರಲಿ, ನಾನು ಇಂದು ಹೇಳುವ ಯಾವ ಉಪಾಯವೂ ಸಲ್ಲುವುದಿಲ್ಲ. ಅಂಥದ್ದನ್ನು ಬದಲಿಸಬೇಕು, ರಿಪೇರಿ ಮಾಡಬಾರದು.

ಈಗ ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೆಕ್ಕೆಯ ತುದಿಯೊಂದರಲ್ಲಿ ಹೆಬ್ಬೆರಳಿನಷ್ಟುದ್ದದ ಬಿರುಕು ಕಂಡಿತು. ಕಾರಿನ ಡೆಂಟಿಗೆ ಹಾಕುವ ಪುಟ್ಟಿಯನ್ನು ತಂದು ಮೆತ್ತಿ, ಎಮರಿ ಕಾಗದದಿಂದ ಉಜ್ಜಿ, ಬಣ್ಣ ಹೊಡೆದು, ಬೆರಳಾಡಿಸಿದರೂ ಗೊತ್ತಾಗದ ಹಾಗೆ ನಯ ಮಾಡಿ ಹೆಮ್ಮೆಯಿಂದ ನಿಂತೆ. ಮೂರು ವಾರ ಕಳೆಯುವುದರೊಳಗೆ ಪುಟ್ಟಿ ಹಪ್ಪಳದ ಹಾಗೆ ಎದ್ದು ಬಂತು, ಬಿರುಕು ಮೊದಲಿನ ಎರಡರಷ್ಟಾಗಿತ್ತು. ನಮ್ಮ ಹಿರಿಯ ಮೇಸ್ತ್ರಿ ಬಯ್ಯಲಿಲ್ಲ. “ಬಿರುಕು ಎಲ್ಲಿಂದ ಹೊರಟಿತ್ತು ಅಂತ ನೋಡಿದೆಯೇನಯ್ಯಾ?” ಎಂದಷ್ಟೇ ಕೇಳಿದರು. ನಾನು ನೋಡಿರಲಿಲ್ಲ. ಅವರು ಹತ್ತಿರದ ಸ್ಕ್ರೂ ಬಿಚ್ಚಿ ತೋರಿಸಿದರು: ಹಿಂದೆ ಯಾರೋ ಸವೆದ ನಟ್ಟಿಗೆ ಹಿಡಿತ ಸಾಲದೆಂದು ಒಂದು ಅಳತೆ ದಪ್ಪದ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿ ಕೂರಿಸಿದ್ದರು. ರಂಧ್ರದ ಅಂಚು ಸೀಳಿತ್ತು, ಬಿರುಕು ಅಲ್ಲಿಂದ ಹೊರಟಿತ್ತು. ಆ ಸ್ಕ್ರೂ ಅಲ್ಲೇ ಇರುವವರೆಗೆ ನಾನು ಚಿನ್ನವನ್ನೇ ತುಂಬಿದ್ದರೂ ಬಿರುಕು ನಿಲ್ಲುತ್ತಿರಲಿಲ್ಲ. ವಿಮಾನ ತಯಾರಕರ ನಿರ್ವಹಣಾ ಕೈಪಿಡಿಯನ್ನು ಆಮೇಲೆ ಗಮನವಿಟ್ಟು ಓದಿದಾಗ, ಬಿರುಕಿನ ರಿಪೇರಿಯ ಮೊದಲ ವಾಕ್ಯವೇ ಅದಕ್ಕೆ ಕಾರಣವೇನೆಂದು ಹುಡುಕಿ ಆ ಕಾರಣವನ್ನು ನಿವಾರಿಸಿ ಎಂಬುದಾಗಿತ್ತು. ನಾನು ಆ ವಾಕ್ಯವನ್ನು ಹಾರಿಸಿ, ಅಂಟಿನ ಹೆಸರಿರುವ ಸಾಲಿಗೆ ನೇರವಾಗಿ ಹೋಗಿದ್ದೆ.

ಕಾರಣಗಳಲ್ಲಿ ಅತಿ ದೊಡ್ಡದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಬಿಸಿಗೆ ಎಲ್ಲ ವಸ್ತುಗಳೂ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಒಂದು ಡಿಗ್ರಿ ಬಿಸಿ ಏರಿದರೆ ಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 23 ಭಾಗದಷ್ಟು ಹಿಗ್ಗುತ್ತದೆ. ಎಬಿಎಸ್ ಅದರ ಮೂರು, ಮೂರೂವರೆ ಪಟ್ಟು, ಅಂದರೆ 80ರ ಆಸುಪಾಸಿನಲ್ಲಿ ಹಿಗ್ಗುತ್ತದೆ. ರೆಕ್ಕೆಯ ತುದಿಯ ಟೊಪ್ಪಿಗೆ ರೆಕ್ಕೆಯ ಅಗಲದಷ್ಟೇ, ಅಂದರೆ ಸುಮಾರು ಒಂದೂವರೆ ಮೀಟರ್ ಇರುತ್ತದೆ ಎಂದುಕೊಳ್ಳಿ. ತುಮಕೂರಿನ ಬೇಸಿಗೆಯಲ್ಲಿ ಬೆಳಗಿನ ಜಾವದ ತಂಪಿಗೂ ಮಧ್ಯಾಹ್ನ ಬಿಸಿಲಿಗೆ ಕಾದ ಮೈಯ ಶಾಖಕ್ಕೂ 40 ಡಿಗ್ರಿ ಅಂತರ ಬಂದರೆ ಅಲ್ಯೂಮಿನಿಯಂ ರೆಕ್ಕೆ ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ, ಅದಕ್ಕೆ ಬಿಗಿದ ಪ್ಲಾಸ್ಟಿಕ್ 4.8 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ನಡುವೆ ಉಳಿದ ಮೂರೂ ಚಿಲ್ಲರೆ ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಸ್ಕ್ರೂಗಳ ಸುತ್ತ ಸ್ವಲ್ಪ ಆಟವಿದ್ದರೆ ಪ್ಲಾಸ್ಟಿಕ್ ಜಾರಿ ಹೊಂದಿಕೊಳ್ಳುತ್ತದೆ. ಆಟವಿಲ್ಲದಂತೆ ಬಿಗಿದಿದ್ದರೆ ಪ್ರತಿ ದಿನವೂ ಮಧ್ಯಾಹ್ನ ಉಬ್ಬಿ, ರಾತ್ರಿ ಎಳೆದುಕೊಂಡು, ಕೊನೆಗೆ ಒಂದು ದಿನ ಅತಿ ದುರ್ಬಲವಾದ ರಂಧ್ರದ ಅಂಚಿನಲ್ಲಿ ಸೀಳುತ್ತದೆ. ಆದ್ದರಿಂದಲೇ ಇಂಥ ಭಾಗಗಳಲ್ಲಿ ರಂಧ್ರವನ್ನು ಸ್ಕ್ರೂವಿಗಿಂತ ತುಸು ದೊಡ್ಡದಾಗಿ ಇಡುವುದು, ಅಗಲವಾದ ವಾಷರ್ ಹಾಕುವುದು, ಸ್ಕ್ರೂ ಕುಳಿತ ಮೇಲೆ ಇನ್ನೊಂದು ಸುತ್ತು ತಿರುಗಿಸುವ ಆಸೆಯನ್ನು ತಡೆದುಕೊಳ್ಳುವುದು. ಕಬ್ಬಿಣದ ಕೆಲಸ ಕಲಿತ ಕೈಗೆ ಈ ಕೊನೆಯದು ಬಲು ಕಷ್ಟ.

ಎರಡನೆಯ ಕಾರಣ ಬಿಸಿಲು. ಪಾವಗಡದಲ್ಲಿ ಸಾವಿರಾರು ಎಕರೆಗೆ ಸೌರಫಲಕ ಹಾಸಿ ವಿದ್ಯುತ್ ತೆಗೆಯುವಷ್ಟು ಬಿಸಿಲು ನಮ್ಮ ಜಿಲ್ಲೆಯದು. ಅದೇ ಬಿಸಿಲಿನ ಅತಿನೇರಳೆ ಕಿರಣಗಳು ಎಬಿಎಸ್‌ನಲ್ಲಿ ರಬ್ಬರಿನ ಗುಣ ಕೊಡುವ ಬ್ಯುಟಡೈಯೀನನ್ನೇ ಮೊದಲು ಹಿಡಿದು ಕೆಡಿಸುತ್ತವೆ. ಬಿಳಿ ಭಾಗ ಹಳದಿಗೆ ತಿರುಗುತ್ತದೆ, ಹಿಂದೆ ಬಾಗುತ್ತಿದ್ದುದು ಈಗ ಚಟ್ಟನೆ ಮುರಿಯುತ್ತದೆ. ಮೂರನೆಯದು ನಾವೇ ತಂದು ಸುರಿಯುವ ದ್ರವಗಳು: ಬ್ರೇಕ್ ಎಣ್ಣೆ, ಪೆಟ್ರೋಲು, ಥಿನ್ನರ್. ಒತ್ತಡದಲ್ಲಿರುವ ಪ್ಲಾಸ್ಟಿಕ್ಕಿಗೆ ಇವು ತಗಲಿದರೆ ಕೂದಲೆಳೆಯಂಥ ಸೀಳುಗಳ ಜಾಲ ಹರಡುತ್ತದೆ. ಕಂಪನ, ಪೆಟ್ಟು, ನೆಲದಲ್ಲಿ ವಿಮಾನವನ್ನು ತಳ್ಳುವವರು ಹಿಡಿಯಬಾರದ ಕಡೆ ಹಿಡಿಯುವುದು, ಇವೆಲ್ಲ ಇದ್ದೇ ಇವೆ.

ಇನ್ನು ಗುರುತು ಹಿಡಿಯುವ ಮಾತು. ಕೈಪಿಡಿಯಲ್ಲಿ ಭಾಗದ ವಸ್ತು ಯಾವುದೆಂದು ಬರೆದಿದ್ದರೆ ಅದೇ ಪ್ರಮಾಣ. ಆದರೆ ನಲವತ್ತು ವರ್ಷ ಹಾರಿದ ವಿಮಾನದಲ್ಲಿ ಯಾರು ಯಾವಾಗ ಏನನ್ನು ಬದಲಿಸಿದ್ದಾರೆ ಎಂಬುದು ಕಡತ ನೋಡದೆ ತಿಳಿಯುವುದಿಲ್ಲ. ಒಡೆದ ಎಬಿಎಸ್ ತುದಿಗಳ ಜಾಗಕ್ಕೆ ಅನುಮೋದಿತ ಫೈಬರ್‌ಗ್ಲಾಸ್ ತುದಿಗಳನ್ನು ಹಾಕಿಸುವುದು ಲೋಕಾರೂಢಿ. ಒಳಮೈಯಲ್ಲಿ ನೇಯ್ಗೆಯಂಥ ನಾರು ಕಂಡರೆ ಅದು ಫೈಬರ್‌ಗ್ಲಾಸ್. ನಾರಿಲ್ಲದೆ ನುಣುಪಾಗಿದ್ದರೆ, ಕಾಣದ ಒಳ ಅಂಚಿನಲ್ಲಿ ಹತ್ತಿಯ ತುದಿಯಿಂದ ಒಂದು ಹನಿ ಅಸಿಟೋನ್ ತಾಗಿಸಿ ಬೆರಳಿಟ್ಟು ನೋಡಿ. ಎಬಿಎಸ್ ಕೂಡಲೇ ಜಿಗುಟಾಗುತ್ತದೆ. ಬಕೆಟ್ಟು, ಬಿಂದಿಗೆ ಮಾಡುವ ಪಾಲಿಎಥಿಲೀನಿಗೆ ಅಸಿಟೋನಿನಿಂದ ಏನೂ ಆಗುವುದಿಲ್ಲ. ಚೂರೊಂದು ಸಿಕ್ಕರೆ ನೀರಿಗೆ ಹಾಕಿ: ಎಬಿಎಸ್ ಮುಳುಗುತ್ತದೆ, ಪಾಲಿಎಥಿಲೀನ್ ತೇಲುತ್ತದೆ. ಅಸಿಟೋನಿಗೆ ಕರಗುವ ಬೇರೆ ಪ್ಲಾಸ್ಟಿಕ್ಕುಗಳೂ ಇರುವುದರಿಂದ ಇವು ಸುಳಿವುಗಳೇ ಹೊರತು ತೀರ್ಪಲ್ಲ.

ರಿಪೇರಿಗೆ ಬರೋಣ. ಎಬಿಎಸ್‌ನ ದೊಡ್ಡ ಅನುಕೂಲವೆಂದರೆ ಅದಕ್ಕೆ ಬೇಕಾದ ಅಂಟನ್ನು ಅದರಿಂದಲೇ ಮಾಡಿಕೊಳ್ಳಬಹುದು. ಅದೇ ಜಾತಿಯ ಪ್ಲಾಸ್ಟಿಕ್ಕಿನ ತುಂಡುಗಳನ್ನು ಸಣ್ಣಗೆ ಕತ್ತರಿಸಿ, ಗಾಜಿನ ಸೀಸೆಯಲ್ಲಿ ಅಸಿಟೋನ್ ಅಥವಾ ಎಂಇಕೆ ಎಂಬ ದ್ರಾವಕದಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬೆಳಗ್ಗೆ ಹೊತ್ತಿಗೆ ಕರಗಿ ಗಂಜಿಯಾಗಿರುತ್ತದೆ. ತುಂಡು ಹೆಚ್ಚಿಸಿದರೆ ಹಿಟ್ಟಿನ ಮುದ್ದೆಯ ಹದ, ದ್ರಾವಕ ಹೆಚ್ಚಿಸಿದರೆ ಜೇನಿನ ಹದ. ಈ ಅಂಟು ಎರಡು ಅಂಚುಗಳ ನಡುವೆ ಕುಳಿತು ಹಿಡಿದುಕೊಳ್ಳುವುದಿಲ್ಲ. ಅಂಚುಗಳನ್ನೇ ಕರಗಿಸಿ, ತಾನೂ ಅವುಗಳೊಂದಿಗೆ ಬೆರೆತು, ದ್ರಾವಕ ಆರಿಹೋದ ಮೇಲೆ ಎಲ್ಲ ಒಂದೇ ಪ್ಲಾಸ್ಟಿಕ್ಕಾಗಿ ಉಳಿಯುತ್ತದೆ. ನನ್ನ ಕಾರಿನ ಪುಟ್ಟಿ ಏಕೆ ಎದ್ದುಬಂತು ಎಂಬುದಕ್ಕೆ ಉತ್ತರದ ಇನ್ನರ್ಧ ಇಲ್ಲಿದೆ: ಅದು ಬೇರೆ ಜಾತಿಯದು, ಗಟ್ಟಿ, ಬಾಗದು, ಮೇಲ್ಮೈಗೆ ಹತ್ತಿಕೊಂಡಿತ್ತೇ ಹೊರತು ಒಳಗೆ ಬೆರೆತಿರಲಿಲ್ಲ. ಈ ದ್ರಾವಕಗಳ ಆವಿ ಥಟ್ಟನೆ ಹೊತ್ತಿಕೊಳ್ಳುತ್ತದೆ, ತಲೆ ಸುತ್ತಿಸುತ್ತದೆ. ಗಾಳಿಯಾಡುವ ಜಾಗ, ಕೈಗವಸು, ಹತ್ತಿರದಲ್ಲಿ ಕಿಡಿಯಿಲ್ಲದಿರುವುದು ಮೂರೂ ಬೇಕು.

ಈ ಕವಚದ ಮೇಲೆ ಕೆಲಸ ಹೇಗೆ ನಡೆಯುತ್ತದೆಂದು ತೋರಿಸುತ್ತೇನೆ. ಹಿಂದಿನ ಸಾಲಿನವರು ಮುಂದೆ ಬರಬಹುದು. ಮೊದಲು ಸೋಪಿನ ನೀರಿನಲ್ಲಿ ತೊಳೆದು ಒರೆಸಿದ್ದೇನೆ, ಏಕೆಂದರೆ ಧೂಳಿನ ಮೇಲೆ ಎಮರಿ ಆಡಿಸಿದರೆ ಧೂಳನ್ನೇ ಒಳಗೆ ತಿಕ್ಕಿದಂತಾಗುತ್ತದೆ. ಈ ಬಿರುಕು ಸ್ಕ್ರೂ ರಂಧ್ರದಿಂದ ಹೊರಟು ಇಲ್ಲಿ ನಿಂತಂತೆ ಕಾಣುತ್ತಿದೆ. ಕಣ್ಣಿಗೆ ಕಂಡ ಕೊನೆ ನಿಜವಾದ ಕೊನೆಯಲ್ಲ. ಭಾಗವನ್ನು ತುಸು ಬಾಗಿಸಿ, ಪಕ್ಕದಿಂದ ದೀಪ ಹಿಡಿದು ನೋಡಿದರೆ ಬಿರುಕು ಇನ್ನೂ ನಾಲ್ಕೈದು ಮಿಲಿಮೀಟರ್ ಮುಂದೆ ಹೋಗಿರುವುದು ಕಾಣುತ್ತದೆ. ಆ ನಿಜವಾದ ಕೊನೆಯಲ್ಲಿ ಸುಮಾರು 3 ಮಿಲಿಮೀಟರಿನ ರಂಧ್ರ ಕೊರೆಯುತ್ತೇನೆ. ಒಡೆದದ್ದಕ್ಕೆ ಇನ್ನೊಂದು ತೂತು ಮಾಡುವುದೇ ಎಂದು ನಗಬೇಡಿ. ಬಿರುಕಿನ ಮೊನೆ ಸೂಜಿಯಷ್ಟು ಚೂಪಾಗಿರುವುದರಿಂದ ಎಳೆತವೆಲ್ಲ ಆ ಒಂದು ಬಿಂದುವಿನಲ್ಲಿ ಕೂಡುತ್ತದೆ. ದುಂಡನೆಯ ರಂಧ್ರ ಅದೇ ಎಳೆತವನ್ನು ತನ್ನ ಸುತ್ತಲೂ ಹಂಚುತ್ತದೆ, ಬಿರುಕಿಗೆ ಮುಂದೆ ಹೋಗಲು ಮೊನೆಯೇ ಇರುವುದಿಲ್ಲ. ಡ್ರಿಲ್ಲನ್ನು ನಿಧಾನವಾಗಿ ಓಡಿಸಬೇಕು, ಕೆಳಗೆ ಮರದ ತುಂಡು ಕೊಡಬೇಕು, ಇಲ್ಲದಿದ್ದರೆ ಡ್ರಿಲ್ಲಿನ ಮೊನೆ ಹಿಂಬದಿಗೆ ತೂರುವಾಗ ಹೊಸ ಬಿರುಕು ಎಬ್ಬಿಸುತ್ತದೆ.

ಈಗ ಬಿರುಕಿನ ಉದ್ದಕ್ಕೂ ಹರಿತವಾದ ಬ್ಲೇಡಿನಿಂದ ಕೆರೆದು, ನೇಗಿಲ ಸಾಲಿನ ಹಾಗೆ ಮೇಲೆ ಅಗಲ, ಕೆಳಗೆ ಕಿರಿದಾದ ಕಾಲುವೆ ಮಾಡಿಕೊಳ್ಳುತ್ತೇನೆ. ತುಂಬುವ ಅಂಟಿಗೆ ಹಿಡಿಯಲು ಹೆಚ್ಚು ಮೈ ಸಿಗಲೆಂದು ಇದು. ತುಂಬುವ ಮೊದಲು ಹಿಂಬದಿಗೆ ಅದೇ ಪ್ಲಾಸ್ಟಿಕ್ಕಿನ ತೆಳುವಾದ ಪಟ್ಟಿಯೊಂದನ್ನು ಅಂಟಿಸಬೇಕು. ಬಲವೆಲ್ಲ ಬರುವುದು ಈ ಹಿಂಬದಿಯ ಪಟ್ಟಿಯಿಂದ, ಮುಂಬದಿಯಲ್ಲಿ ನಾವು ಮಾಡುವುದು ಬಹುಪಾಲು ಅಂದದ ಕೆಲಸ. ಒಳಮೈ ಡೊಂಕಾಗಿ ಪಟ್ಟಿ ಕೂರದಿದ್ದರೆ ಗಾಜಿನ ನಾರಿನ ಬಟ್ಟೆಯನ್ನು ಇದೇ ಗಂಜಿಯಲ್ಲಿ ಅದ್ದಿ ಹಾಸುವವರೂ ಇದ್ದಾರೆ. ಪಟ್ಟಿ ಒಂದು ಗಂಟೆಯಾದರೂ ಹಿಡಿದ ಮೇಲೆ ಮುಂದಿನ ಕಾಲುವೆಗೆ ಗಂಜಿ ತುಂಬಬೇಕು. ದ್ರಾವಕ ಹಾರಿಹೋದಷ್ಟೂ ತುಂಬಿದ್ದು ಕುಗ್ಗುವುದರಿಂದ ಒಮ್ಮೆಗೇ ತುಂಬದೆ ತೆಳುವಾದ ಪದರಗಳಲ್ಲಿ, ಪ್ರತಿ ಪದರವನ್ನೂ ಆರಲು ಬಿಟ್ಟು, ಕೊನೆಗೆ ಮೈಗಿಂತ ತುಸು ಎತ್ತರಕ್ಕೆ ನಿಲ್ಲಿಸಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ದ್ರಾವಕ ಉಳಿದಿರುತ್ತದೆ. ಅವಸರದಲ್ಲಿ ಉಜ್ಜಿದರೆ ಎಮರಿ ಕಾಗದಕ್ಕೆ ಜಿಗುಟು ಹತ್ತುತ್ತದೆ, ನಾಲ್ಕು ದಿನಕ್ಕೆ ಆ ಜಾಗ ತಗ್ಗಾಗಿ ಬಣ್ಣದ ಮೇಲೆ ಗೆರೆ ಮೂಡುತ್ತದೆ. ಇವತ್ತು ತುಂಬಿದ್ದನ್ನು ನಾಳೆ ಉಜ್ಜಿ ಎನ್ನುವುದು ನನ್ನ ಅಭ್ಯಾಸ, ಮಳೆಗಾಲದಲ್ಲಿ ನಾಡಿದ್ದು.

ಸಣ್ಣ ರಂಧ್ರಗಳಿಗೂ ಇದೇ ಕ್ರಮ. ತಯಾರಕರ ಕೈಪಿಡಿ ಒಂದು ಇಂಚಿಗಿಂತ ಚಿಕ್ಕದನ್ನು ಸಣ್ಣದೆಂದು ಎಣಿಸಿ ನೇರವಾಗಿ ತುಂಬಲು ಹೇಳುತ್ತದೆ. ಅದಕ್ಕಿಂತ ದೊಡ್ಡದಾದರೆ ಹಾಳಾದ ಭಾಗವನ್ನು ನಯವಾದ ಅಂಚು ಬರುವಂತೆ ಕತ್ತರಿಸಿ ತೆಗೆದು, ಅದೇ ಅಳತೆಯ ಬಿಲ್ಲೆಯನ್ನು ಕೂರಿಸಿ, ಹಿಂಬದಿಗೆ ಅದಕ್ಕಿಂತ ದೊಡ್ಡ ತೇಪೆ ಕೊಡಬೇಕು.

ಬಿಸಿ ಗಾಳಿಯ ಬೆಸುಗೆ ಇನ್ನೊಂದು ದಾರಿ. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕಾಲುವೆಗೆ ಒತ್ತಿ ಹಿಡಿದು, ಕಡ್ಡಿಯನ್ನೂ ಕಾಲುವೆಯ ಅಂಚನ್ನೂ ಒಟ್ಟಿಗೆ ಬಿಸಿ ಮಾಡುತ್ತಾ ಮುಂದೆ ಸಾಗಬೇಕು. ಕಡ್ಡಿ ನೀರಾಗಬಾರದು, ಮೇಣದಂತೆ ಬಾಗಬೇಕು. ಗನ್ನಿನ ಮೂತಿಯಿಂದ ಬರುವ ಗಾಳಿಯ ಬಿಸಿ ಪ್ಲಾಸ್ಟಿಕ್ ಮೆತ್ತಗಾಗುವ ಬಿಸಿಗಿಂತ ಬಹಳ ಹೆಚ್ಚಿರುವುದರಿಂದ ಕೈ ಒಂದೆಡೆ ನಿಂತರೆ ಗುಳ್ಳೆ ಏಳುತ್ತದೆ, ಆಮೇಲೆ ಕಂದಾಗುತ್ತದೆ. ರೊಟ್ಟಿ ಸುಡುವವರು ಹೆಂಚಿನ ಮೇಲೆ ಕೈ ಆಡಿಸುವಂತೆ ಆಡುತ್ತಲೇ ಇರಬೇಕು. ಒಳ್ಳೆಯ ಕೈಗೆ ಒಳ್ಳೆಯ ಬೆಸುಗೆ ಬರುತ್ತದೆ, ಆದರೆ ತೆಳುವಾದ ವಿಮಾನದ ಭಾಗದಲ್ಲಿ ಕಲಿಯುವವನಿಗೆ ನಾನು ಗಂಜಿಯನ್ನೇ ಹೇಳುತ್ತೇನೆ. ಗಂಜಿ ಕೆಟ್ಟರೆ ಉಜ್ಜಿ ತೆಗೆಯಬಹುದು, ಸುಟ್ಟ ಪ್ಲಾಸ್ಟಿಕ್ಕನ್ನು ಏನು ಮಾಡುತ್ತೀರಿ?

ಬಿಸಿ ಗಾಳಿ ನಿಜವಾಗಿ ಸೊಗಸು ತೋರುವುದು ಬಿಳಿಗೆರೆಗಳ ಮೇಲೆ. ಎಬಿಎಸ್ ಅತಿಯಾಗಿ ಬಾಗಿದಾಗ ಅಥವಾ ಪೆಟ್ಟು ತಿಂದಾಗ ಒಡೆಯದಿದ್ದರೂ ಆ ಜಾಗ ಬೆಳ್ಳಗಾಗುತ್ತದೆ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳುಗಳು ಎದ್ದು ಬೆಳಕನ್ನು ಚದುರಿಸುವುದರಿಂದ ಆ ಬಿಳುಪು. ದೂರದಿಂದ ಹದವಾಗಿ ಬಿಸಿ ಕೊಟ್ಟರೆ, ನೋಡಿ, ಈ ಬೂದು ತುಂಡಿನ ಬಿಳಿಗೆರೆ ನಿಮ್ಮ ಕಣ್ಣೆದುರೇ ಮಾಯವಾಯಿತು. ಒಬ್ಬ ವಿದ್ಯಾರ್ಥಿ “ಹಾಗಾದರೆ ಮೊದಲಿನ ಶಕ್ತಿಯೂ ಬಂತೇ?” ಎಂದು ಕೇಳಿದ. ಬಣ್ಣ ಬಂದಿದೆ, ಎಳೆತವೂ ಸಡಿಲಗೊಂಡಿದೆ. ಆದರೆ ಬಾಗಿಸಿದ ಕಾರಣ ಉಳಿದಿದ್ದರೆ ಗೆರೆ ಅದೇ ಜಾಗಕ್ಕೆ ಮರಳುತ್ತದೆ. ಹಾಗಾಗಿ ಬಿಳಿಗೆರೆ ಅಳಿಸುವ ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಅದು ಬಿರುಕು ಬರುವ ಮುಂಚೆ ಬಂದ ಪತ್ರ.

ಬಣ್ಣದ ವಿಷಯದಲ್ಲಿ ಒಂದೇ ಎಚ್ಚರಿಕೆ, ಆದರೆ ದುಬಾರಿ ಎಚ್ಚರಿಕೆ. ವಿಮಾನಕ್ಕೆ ಹೊಸ ಬಣ್ಣ ಹೊಡೆಯುವಾಗ ಹಳೆಯದನ್ನು ತೆಗೆಯಲು ರಿಮೂವರ್ ಬಳಿಯುತ್ತಾರೆ. ನಾನು ಕಂಡ ಒಂದು ಹ್ಯಾಂಗರಿನಲ್ಲಿ ಪ್ಲಾಸ್ಟಿಕ್ ತುದಿಗಳನ್ನು ಬಿಚ್ಚದೆ, ಮುಚ್ಚದೆ ಎಲ್ಲದಕ್ಕೂ ಒಟ್ಟಿಗೆ ಬಳಿದರು. ಲೋಹದ ಮೇಲೆ ಬಣ್ಣ ಸುಕ್ಕುಗಟ್ಟಿ ಎದ್ದಂತೆಯೇ ಪ್ಲಾಸ್ಟಿಕ್ಕಿನ ಮೇಲೂ ಎದ್ದಾಗ ಕೆಲಸದವರಿಗೆ ಸಂತೋಷವಾಯಿತು. ಕೆರೆದಾಗ ಕೈಗೆ ಬಂದದ್ದು ಬಣ್ಣವಲ್ಲ, ರೆಕ್ಕೆಯ ತುದಿಯೇ. ರಿಮೂವರಿನ ದ್ರಾವಕ ಎಬಿಎಸ್ಸನ್ನು ತಿಂದು ಹಾಕುತ್ತದೆ; ಪ್ಲಾಸ್ಟಿಕ್ಕಿನ ಮೇಲಿನ ಬಣ್ಣವನ್ನು ಉಜ್ಜಿಯೇ ತೆಗೆಯಬೇಕು.

ಚುಕ್ಕಾಣಿ ಅಥವಾ ಹಿಂಬದಿಯ ಅಡ್ಡರೆಕ್ಕೆಯಂಥ ಚಲಿಸುವ ಮೇಲ್ಮೈಗಳ ತುದಿಯಲ್ಲಿ ಪ್ಲಾಸ್ಟಿಕ್ ಇದ್ದರೆ ವಿಷಯ ಗಂಭೀರವಾಗುತ್ತದೆ. ಆ ಮೇಲ್ಮೈಗಳನ್ನು ಕೀಲಿನ ಹಿಂದುಮುಂದಿನ ತೂಕ ಹೊಂದಿಸಿ ತೂಗಿಟ್ಟಿರುತ್ತಾರೆ. ಕೀಲಿನ ಹಿಂದೆ ನೀವು ಸೇರಿಸಿದ ತೇಪೆ, ಪುಟ್ಟಿ, ನಾಲ್ಕು ಕೋಟು ಬಣ್ಣ ಆ ತೂಕವನ್ನು ಕೆಡಿಸಿದರೆ, ವೇಗದಲ್ಲಿ ಮೇಲ್ಮೈ ತಾನಾಗಿಯೇ ಪಟಪಟನೆ ಬಡಿದುಕೊಳ್ಳಲು ಶುರುವಾಗಿ ಕ್ಷಣಾರ್ಧದಲ್ಲಿ ಮುರಿದುಹೋಗಬಹುದು. ಅದನ್ನು ಫ್ಲಟರ್ ಎನ್ನುತ್ತಾರೆ. ಆದ್ದರಿಂದ ಅಲ್ಲಿ ರಿಪೇರಿಯಾದ ಮೇಲೆ ತೂಕ ಹೊಂದಿಕೆಯನ್ನು ಕೈಪಿಡಿಯ ಮಿತಿಗೆ ಸರಿಯಾಗಿ ಪರೀಕ್ಷಿಸದೆ ವಿಮಾನವನ್ನು ಹೊರಗೆ ಬಿಡುವಂತಿಲ್ಲ.

ಗಾಳಿತಡೆಯ ಪಾರದರ್ಶಕ ಪ್ಲಾಸ್ಟಿಕ್ ಹೆಚ್ಚಾಗಿ ಅಕ್ರಿಲಿಕ್. ಅದರ ಬಗ್ಗೆ ಇನ್ನೊಂದು ಉಪನ್ಯಾಸವೇ ಬೇಕು, ಇಂದು ಶುಚಿ ಮಾಡುವುದನ್ನಷ್ಟೇ ಹೇಳುತ್ತೇನೆ. ಅಮೆರಿಕದ ವಿಮಾನಯಾನ ಆಡಳಿತ ಪ್ರಕಟಿಸಿರುವ ಎಸಿ 43.13-1ಬಿ ಎಂಬ ಕೈಪಿಡಿ ಪೆಟ್ರೋಲು, ಆಲ್ಕೊಹಾಲ್, ಅಸಿಟೋನ್, ಥಿನ್ನರ್, ಮನೆಯ ಕಿಟಕಿ ಗಾಜಿಗೆ ಸಿಂಪಡಿಸುವ ದ್ರವ ಯಾವುದನ್ನೂ ಅಕ್ರಿಲಿಕ್ಕಿಗೆ ತಾಗಿಸಬೇಡಿ ಎನ್ನುತ್ತದೆ. ಮೊದಲು ಧಾರಾಳವಾಗಿ ನೀರು ಹರಿಸಿ, ಬರಿಗೈಯಿಂದ ಸವರಿ ಮರಳಿನ ಕಣ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೆದುವಾದ ಸೋಪು. ನಮ್ಮ ಕೆಂಪು ಮಣ್ಣಿನ ಧೂಳು ಕುಳಿತ ಗಾಳಿತಡೆಯನ್ನು ಒಣಬಟ್ಟೆಯಿಂದ ಒರೆಸಿದವನು ಮರುದಿನ ಸಂಜೆಯ ಸೂರ್ಯನಿಗೆ ಎದುರಾಗಿ ಇಳಿಯುವ ಪೈಲಟ್ಟಿಗೆ ಏನು ಮಾಡಿದ್ದಾನೆಂದು ಅವನಿಗೆ ಗೊತ್ತಿರುವುದಿಲ್ಲ.

ಕಾನೂನು ಚಿಕ್ಕದು. ನಮ್ಮ ದೇಶದಲ್ಲಿ ನೋಂದಾಯಿತ ವಿಮಾನದ ರಿಪೇರಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮಗಳಿಗೆ ಒಳಪಟ್ಟದ್ದು. ಕೆಲಸವನ್ನು ನೀವು ಮಾಡಬಹುದು, ಆದರೆ ಅನುಮೋದಿತ ಕೈಪಿಡಿಯ ಕ್ರಮದಂತೆಯೇ ಮಾಡಬೇಕು, ಮತ್ತು ಹಾರಲು ಯೋಗ್ಯವೆಂದು ಸಹಿ ಹಾಕುವವರು ಪರವಾನಗಿ ಪಡೆದ ಎಂಜಿನಿಯರ್. ಕ್ಯಾಬಿನ್ ಒಳಗಿನ ಹೊದಿಕೆಗಳಿಗೆ ಬೆಂಕಿಯ ಪರೀಕ್ಷೆಯ ಷರತ್ತುಗಳೂ ಇರುವುದರಿಂದ, ಅಂಗಡಿಯಲ್ಲಿ ಸಿಕ್ಕ ಅಂಟನ್ನು ಅಲ್ಲಿ ಬಳಿಯುವಂತಿಲ್ಲ. ಬಿರುಕಿನ ಕಾರಣವೇನೆಂದು ಕಂಡಿರೋ ಅದನ್ನೂ ಲಾಗ್ ಬುಕ್ಕಿಗೆ ಬರೆಸಿ. “ಬಿರುಕು ಸರಿಪಡಿಸಲಾಯಿತು” ಎಂಬ ಸಾಲು ಮುಂದಿನವನಿಗೆ ಏನನ್ನೂ ಹೇಳುವುದಿಲ್ಲ. “ಮೂರನೆಯ ಸ್ಕ್ರೂ ಅಳತೆ ಮೀರಿದ್ದು, ಬದಲಿಸಲಾಯಿತು” ಎಂಬ ಸಾಲು ಉಳಿದ ಸ್ಕ್ರೂಗಳನ್ನೂ ನೋಡುವಂತೆ ಮಾಡುತ್ತದೆ.

ಕೊನೆಯ ಪ್ರಶ್ನೆ ಶಿರಾ ಕಡೆಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿಯದು. ಅವಳ ಊರಿನಲ್ಲಿ ಪ್ಲಾಸ್ಟಿಕ್ ಬಿಂದಿಗೆ ಸೋರಿದರೆ, ಬೀದಿಯಲ್ಲಿ ಬರುವ ರಿಪೇರಿಯವನು ಕಾದ ಕಬ್ಬಿಣದಿಂದ ಹಳೆಯ ಬಿಂದಿಗೆಯ ಚೂರನ್ನು ಒತ್ತಿ ಕೂಡಿಸುತ್ತಾನಂತೆ. ಅದೇ ರೀತಿ ಸೋಲ್ಡರಿಂಗ್ ಐರನ್ನಿನಿಂದ ಇದನ್ನು ಏಕೆ ಮಾಡಬಾರದು ಎಂದು ಕೇಳಿದಳು. ಇಡೀ ದಿನದಲ್ಲಿ ನನಗೆ ಹೆಚ್ಚು ಹಿಡಿಸಿದ ಪ್ರಶ್ನೆ ಇದು. ಆ ರಿಪೇರಿಯವನು ಯಾವ ಕೈಪಿಡಿಯನ್ನೂ ಓದದೆ ಎರಡು ಸತ್ಯ ಕಂಡುಕೊಂಡಿದ್ದಾನೆ: ಬಿಂದಿಗೆಗೆ ಬಿಂದಿಗೆಯ ಚೂರೇ ಬೇಕು, ಬಿಸಿಯ ಜೊತೆಗೆ ಒತ್ತಡವೂ ಬೇಕು. ಬಿಂದಿಗೆಯ ಪ್ಲಾಸ್ಟಿಕ್ಕು ಅಂಟಿಗೆ ಬಗ್ಗದ ಜಾತಿಯದ್ದಾದ್ದರಿಂದ ಅವನಿಗೆ ಬಿಸಿಯಲ್ಲದೆ ಬೇರೆ ದಾರಿಯಿಲ್ಲ, ನಮಗಿದೆ. ಐರನ್ನಿನ ಮೊನೆ ಎಬಿಎಸ್ ತಾಳುವುದಕ್ಕಿಂತ ಬಹಳ ಹೆಚ್ಚು ಕಾಯುವುದರಿಂದ ತಾಗಿದ ಕಡೆ ಪ್ಲಾಸ್ಟಿಕ್ ಕರಕಲಾಗುತ್ತದೆ. ಕರಕಲು ಪದರ ಬೆಸುಗೆಯ ನಡುವೆ ಸೇರಿದರೆ ಅಲ್ಲೇ ಮತ್ತೆ ಬಿಡುತ್ತದೆ. ಮಾಡಿ ನೋಡಬೇಕೆಂದರೆ ಹಾರದ ತುಂಡಿನ ಮೇಲೆ ಮಾಡಿ ನೋಡು ಎಂದು ಈ ಕವಚವನ್ನೇ ಅವಳ ಕೈಗೆ ಕೊಟ್ಟೆ. ನಾನು ಮುಚ್ಚಿದ್ದು ಒಂದನ್ನು ಮಾತ್ರ. ಅದರಲ್ಲಿ ಇನ್ನೂ ಎರಡು ಬಿರುಕುಗಳಿವೆ, ಅವುಗಳಲ್ಲಿ ಒಂದು ಯಾವ ಸ್ಕ್ರೂ ರಂಧ್ರದಿಂದಲೂ ಹೊರಟಿಲ್ಲ.